ಬೀಜದ ಟಗರಿನ ಲೆಕ್ಕ

ಮಸ್ಕಿ ಎಂದೊಡನೆ ಅಶೋಕ ನೆನಪಾಗುತ್ತಾನೆ. 1915ರಲ್ಲಿ ಇಲ್ಲಿ ಬೆಳಕಿಗೆ ಬಂದ ಶಾಸನವೇ ‘ದೇವಾನಾಂಪ್ರಿಯ’ ಎಂಬುವನು ಅಶೋಕನೇ ಎಂಬುದನ್ನು ಸ್ಥಿರಪಡಿಸಿತು. ಲಿಂಗಸುಗೂರು ತಾಲ್ಲೂಕು ಹಟ್ಟಿಯ ಚಿನ್ನಕ್ಕೆ ಹೆಸರುವಾಸಿ. ಸಿಂಧನೂರು ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತಕ್ಕೆ ಹೆಸರುವಾಸಿ. ಆದರೆ ಶಾಸನ, ಚಿನ್ನ, ಭತ್ತ ಈ ಮೂರಕ್ಕೂ ಹಿಂದಿನ ಸಂಪತ್ತೊಂದು ಈ ದೋಆಬಿನಲ್ಲಿದೆ. ಅದು ದನ ಮತ್ತು ಕುರಿ.

ಮುದಗಲ್ ಬಳಿಯ ಪಿಕಳಿಹಾಳದಲ್ಲಿ ಎಫ್.ಆರ್. ಆಲ್ಚಿನ್ ಉತ್ಖನನ ನಡೆಸಿ 1960ರಲ್ಲಿ ವರದಿ ಪ್ರಕಟಿಸಿದರು. ಮಸ್ಕಿಯಲ್ಲಿ ಬಿ.ಕೆ. ಥಾಪರ್ 1954ರಲ್ಲಿ ಅಗೆದರು. ಎರಡೂ ಕಡೆ ಕಂಡುಬಂದದ್ದು ನವಶಿಲಾಯುಗದ ಪಶುಪಾಲಕರ ನೆಲೆಗಳು. ಪಿಕಳಿಹಾಳದ ಬಂಡೆಗಳ ಮೇಲೆ ನೀಳ ಕೊಂಬು ಹಾಗೂ ಹಿಣಿಲಿನ ಎತ್ತುಗಳ ಚಿತ್ರಗಳಿವೆ. ದಕ್ಷಿಣದ ಬೂದಿ ದಿಬ್ಬಗಳು ದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿ ಸುಟ್ಟು ಉಂಟಾದವು ಎಂಬುದನ್ನು ಆಲ್ಚಿನ್ನರೇ ಉತ್ನೂರಿನ ಉತ್ಖನನದಿಂದ ತೋರಿಸಿಕೊಟ್ಟರು. ಅಂದರೆ, ಯಾವ ಪ್ರಾಣಿಯಿಂದ ಮರಿ ಪಡೆಯಬೇಕು, ಯಾವುದನ್ನು ಕಡಿದು ತಿನ್ನಬೇಕು ಎಂಬ ಪ್ರಶ್ನೆಯನ್ನು ಈ ಸೀಮೆಯ ಜನ ಸಾವಿರಾರು ವರ್ಷಗಳಿಂದ ಎದುರಿಸುತ್ತ ಬಂದಿದ್ದಾರೆ.

ಆ ಆಯ್ಕೆಯ ಇಂದಿನ ಫಲಗಳಲ್ಲಿ ಒಂದು ಕೆಂಗುರಿ. ಹೆಸರೇ ಹೇಳುವಂತೆ ಕೆಂಪು ಛಾಯೆಯ, ಹೆಚ್ಚಾಗಿ ಕಂದು ಮೈಬಣ್ಣದ ಕುರಿ. ಟಗರಿಗೆ ಕೊಂಬುಂಟು; ಹೆಣ್ಣಿಗೆ ಸಾಮಾನ್ಯವಾಗಿ ಇಲ್ಲ. ಲಿಂಗಸುಗೂರು, ಸಿಂಧನೂರು, ಗಂಗಾವತಿಗಳ ಗುಡ್ಡಗಾಡು ಇದರ ತವರು. 2018ರಲ್ಲಿ ಹೊಸ ತಾಲ್ಲೂಕಾಗುವವರೆಗೆ ಮಸ್ಕಿಯೂ ಲಿಂಗಸುಗೂರಿಗೇ ಸೇರಿತ್ತು. ಕಂಬಳಿಯ ಉಣ್ಣೆಗೆ ಹೆಸರಾದದ್ದು ಕರಿಯ ದಖ್ಖನಿ ಕುರಿಯಾದರೆ, ಕೆಂಗುರಿ ಹೆಸರಾದದ್ದು ಮಾಂಸಕ್ಕೆ. ಬಂಡೆಗಳ ನಡುವಿನ ಒಣ ಹುಲ್ಲು, ಮುಳ್ಳುಪೊದೆಯ ಚಿಗುರು, ರಾಯಚೂರಿನ ಬೇಸಿಗೆಯ ಬಿಸಿಲು, ದಿನವಿಡೀ ನಡಿಗೆ ಇವನ್ನೆಲ್ಲ ತಾಳಿಕೊಂಡು ಮರಿ ಹಾಕಬಲ್ಲದ್ದು ಮಾತ್ರ ಇಲ್ಲಿ ಉಳಿಯಿತು. ಹೀಗೆ ಅರ್ಧ ಆಯ್ಕೆಯನ್ನು ನೆಲವೇ ಮಾಡಿತು. ಉಳಿದರ್ಧವನ್ನು ಮಾಡಿದವರು ಕುರುಬರು.

ಕುರಿಗಾರನ ಆಯ್ಕೆ ನಡೆಯುವುದು ಮುಖ್ಯವಾಗಿ ಗಂಡಿನ ಮೇಲೆ. ಹೆಣ್ಣು ಕುರಿ ತನ್ನ ಆಯುಷ್ಯದಲ್ಲಿ ಕೆಲವೇ ಮರಿ ಹಾಕೀತು. ಆದರೆ ಒಂದು ಟಗರು ಒಂದೇ ಋತುವಿನಲ್ಲಿ ಇಪ್ಪತ್ತೈದು ಮೂವತ್ತು ಕುರಿಗಳ ಮರಿಗಳಿಗೆ ತಂದೆಯಾಗಬಲ್ಲದು. ಆದುದರಿಂದಲೇ ಬೀಜಕ್ಕೆ ಬಿಡುವ ಟಗರನ್ನು ಆರಿಸುವಾಗ ಅದರ ಎತ್ತರ, ಕಾಲು, ಬಣ್ಣಗಳ ಜೊತೆಗೆ ಅದರ ತಾಯಿ ಎಂಥದು, ಹಾಲು ಎಷ್ಟಿತ್ತು, ಬರಗಾಲದಲ್ಲಿ ಮರಿಯನ್ನು ಉಳಿಸಿಕೊಂಡಿತೇ ಎಂಬುದನ್ನೂ ನೋಡಬೇಕಾಗುತ್ತದೆ. ಇದಕ್ಕೆ ದಾಖಲೆ ಪುಸ್ತಕವಿಲ್ಲ. ಕಾಯುವವನ ನೆನಪೇ ಪುಸ್ತಕ.

ಇದೇ ವಿದ್ಯೆ ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಶಾಸ್ತ್ರದ ರೂಪ ಪಡೆಯಿತು. ಲೆಸ್ಟರ್‌ಷೈರಿನ ರಾಬರ್ಟ್ ಬೇಕ್‌ವೆಲ್ (1725–1795) ಗಂಡು, ಹೆಣ್ಣುಗಳನ್ನು ಬೇರೆ ಬೇರೆ ಕೂಡಿಹಾಕಿ, ತನಗೆ ಬೇಕಾದ ಜೋಡಿಗಳನ್ನಷ್ಟೇ ಸೇರಿಸಿದ. ತನ್ನ ಟಗರುಗಳನ್ನು ಮಾರದೆ ಒಂದೊಂದು ಋತುವಿಗೆ ಬಾಡಿಗೆಗೆ ಕೊಟ್ಟ. ಬೇರೆಯವರ ಹಿಂಡಿನಲ್ಲಿ ಅವುಗಳ ಮರಿಗಳು ಹೇಗೆ ಬಂದವೆಂದು ನೋಡಿ, ಉತ್ತಮವಾದದ್ದನ್ನು ಮರಳಿ ತನ್ನ ಹಿಂಡಿಗೆ ಬಿಟ್ಟುಕೊಳ್ಳುವುದು ಅವನ ಉಪಾಯ. ಹತ್ತಿರದ ರಕ್ತಸಂಬಂಧದಲ್ಲೇ ಜೋಡಿ ಮಾಡಿ ಬೇಗ ಕೊಬ್ಬುವ ‘ನ್ಯೂ ಲೆಸ್ಟರ್’ ತಳಿಯನ್ನು ಪಡೆದ. ಆದರೆ ಅದು ಮರಿ ಹಾಕುವುದರಲ್ಲಿ ಹಿಂದೆ ಬಿತ್ತೆಂಬ ದೂರೂ ಬಂತು. ಬೇಕಾದ ಗುಣವನ್ನು ಗಟ್ಟಿ ಮಾಡುವ ದಾರಿಯಲ್ಲೇ ಬೇಡದ ದೋಷವೂ ಗಟ್ಟಿಯಾಗುತ್ತದೆ.

ಈ ಅಪಾಯಕ್ಕೆ ಅಮೆರಿಕದ ತಳಿವಿಜ್ಞಾನಿ ಸ್ಯೂವಲ್ ರೈಟ್ 1931ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ಗಂಡುಗಳ ಸಂಖ್ಯೆಯನ್ನು ಹೆಣ್ಣುಗಳ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ನೂರು ಕುರಿಗೆ ಒಂದೇ ಟಗರು ಇದ್ದರೆ ಬರುವ ಉತ್ತರ ಸುಮಾರು 4. ಅಂದರೆ ನೋಡಲು ನೂರೊಂದು ತಲೆಗಳ ಹಿಂಡಾದರೂ, ರಕ್ತದ ವೈವಿಧ್ಯ ಕರಗುವ ವೇಗದಲ್ಲಿ ಅದು ನಾಲ್ಕೇ ಪ್ರಾಣಿಗಳ ಹಿಂಡಿಗೆ ಸಮ. ಅದೇ ನೂರು ಕುರಿಗೆ ಹತ್ತು ಟಗರು ಇದ್ದರೆ ಉತ್ತರ 36. ಒಂದು ತಳಿಯಲ್ಲಿ ಈ ಸಂಖ್ಯೆ 50ಕ್ಕಿಂತ ಕೆಳಗಿಳಿಯಬಾರದು ಎಂಬುದು ತಳಿ ಸಂರಕ್ಷಣೆಯಲ್ಲಿ ವಾಡಿಕೆಯಾಗಿರುವ ಎಚ್ಚರಿಕೆ. ಊರೂರಿನ ಹಿಂಡುಗಳ ನಡುವೆ ಟಗರು ಬದಲಾಯಿಸಿಕೊಳ್ಳುವುದು, ಮಗಳು ಕುರಿ ಬೆದೆಗೆ ಬರುವ ಮುನ್ನ ತಂದೆ ಟಗರನ್ನು ಹಿಂಡಿನಿಂದ ತೆಗೆಯುವುದು ಈ ಲೆಕ್ಕಕ್ಕೆ ತಕ್ಕ ಉಪಾಯಗಳು.

ಆದರೆ ಲೆಕ್ಕವೊಂದೇ ತಳಿಯನ್ನು ಉಳಿಸದು. ಇದೇ ಕೃಷ್ಣಾ ತೀರದ ‘ಕೃಷ್ಣಾ ಕೊಳ್ಳ’ ದನವೇ ಅದಕ್ಕೆ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗ್ಲಿ, ಮೀರಜ್ ಕಡೆಯ ಸಂಸ್ಥಾನಿಕರ ಆಸಕ್ತಿಯಿಂದ ಗೀರ್, ಕಾಂಕ್ರೇಜ್, ಒಂಗೋಲ್ ರಕ್ತವನ್ನು ಸ್ಥಳೀಯ ದನಗಳೊಡನೆ ಸೇರಿಸಿ ಇದನ್ನು ರೂಪಿಸಲಾಯಿತು. ಜಿಗುಟಾದ ಎರೆಭೂಮಿಯನ್ನು ಆಳವಾಗಿ ಉಳುವ ಭಾರಿ ಎತ್ತು ಇದರ ಗುರಿ. ಟ್ರ್ಯಾಕ್ಟರ್ ಬಂದಾಗ ಗುರಿಯೇ ಇಲ್ಲವಾಯಿತು. ತಳಿ ಅಳಿವಿನ ಅಂಚಿಗೆ ಸರಿಯಿತು. ಮೈಸೂರಿನ ಅಮೃತಮಹಲ್ ಕತೆಯೂ ಪಾಠ ಹೇಳುತ್ತದೆ. 1860ರಲ್ಲಿ ಖರ್ಚು ಉಳಿಸಲೆಂದು ಅದರ ಹಿಂಡುಗಳನ್ನು ಮಾರಿದ ಸರ್ಕಾರ, 1866ರಲ್ಲಿ ಅದೇ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. ತಲೆಮಾರುಗಳ ಆಯ್ಕೆಯನ್ನು ಚದುರಿಸಲು ಒಂದು ಆದೇಶ ಸಾಕಾಗಿತ್ತು.

ಕೆಂಗುರಿಯ ಸಂಕಟ ಇದಕ್ಕಿಂತ ಭಿನ್ನ, ಮತ್ತು ಹೆಚ್ಚು ವಿಚಿತ್ರ. ಅದರ ಉಪಯೋಗ ತೀರಿಲ್ಲ. ಮಾಂಸಕ್ಕೆ ಬೇಡಿಕೆ ಏರುತ್ತಲೇ ಇದೆ. ತೊಂದರೆ ಹುಟ್ಟುವುದೇ ಅಲ್ಲಿ. ಬಕ್ರೀದ್ ಸಮೀಪಿಸಿದಾಗ, ಜಾತ್ರೆಗಳ ಕಾಲದಲ್ಲಿ ಎಲ್ಲಕ್ಕಿಂತ ಮೊದಲು ಗಿರಾಕಿ ಸಿಗುವುದು ಬೇಗ ಬೆಳೆದ, ಮೈಕಟ್ಟಿನ ಟಗರುಮರಿಗೆ. ಕೈಗೆ ಹಣ ಬೇಕಾದ ಕುರಿಗಾರ ಅದನ್ನು ಕೊಟ್ಟುಬಿಡುತ್ತಾನೆ. ಹಿಂಡಿನಲ್ಲಿ ಉಳಿದು ತಂದೆಯಾಗುವುದು ಯಾರೂ ಕೊಳ್ಳದೆ ಬಿಟ್ಟ ಎರಡನೆಯ ದರ್ಜೆಯ ಟಗರು. ಹೀಗೆ ಸಂತೆ, ಗೊತ್ತಿಲ್ಲದೆಯೇ, ಬೇಕ್‌ವೆಲ್‌ನ ಉಪಾಯವನ್ನು ತಿರುಗುಮುರುಗಾಗಿ ನಡೆಸುತ್ತದೆ.

ಇನ್ನೊಂದೆಡೆ ಮೇವಿನ ನೆಲ ಕಿರಿದಾಗಿದೆ. ತುಂಗಭದ್ರಾ ಕಾಲುವೆಯ ನೀರು ಸಿಂಧನೂರು ಸೀಮೆಯ ಬೀಳು ನೆಲವನ್ನು ಗದ್ದೆಯಾಗಿಸಿತು. ನಾರಾಯಣಪುರ ಬಲದಂಡೆ ಕಾಲುವೆ ಲಿಂಗಸುಗೂರಿನ ಕಡೆಗೂ ನೀರು ತಂದಿತು. ನೀರು ಬಂದದ್ದು ರೈತನ ಭಾಗ್ಯ, ಸಂಶಯವಿಲ್ಲ. ಆದರೆ ಸುಗ್ಗಿಯ ನಂತರ ಹೊಲದಲ್ಲಿ ಕುರಿ ನಿಲ್ಲಿಸಿ, ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಕೊಡುವ ಹಳೆಯ ಕೊಡುಕೊಳುವಿಕೆಗೆ ಎರಡು ಬೆಳೆಯ ಗದ್ದೆಯಲ್ಲಿ ಬಿಡುವಿಲ್ಲ.

1984ರಲ್ಲಿ ಸ್ಥಾಪನೆಯಾದ, ಈಗ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋ ದೇಶದ ತಳಿಗಳನ್ನು ನೋಂದಾಯಿಸಿ, ವೀರ್ಯವನ್ನು ಶೈತ್ಯದಲ್ಲಿ ಕಾಪಿಡುವ ಕೆಲಸ ಮಾಡುತ್ತಿದೆ. ಕೆಂಗುರಿಯೂ ಅಂಗೀಕೃತ ತಳಿ. ಆದರೆ ಶೈತ್ಯದ ಕೊಳವೆ ಬಿಸಿಲಿನಲ್ಲಿ ನಡೆಯುವುದನ್ನು ಕಲಿಸದು. ಮುಳ್ಳುಪೊದೆಯ ನಡುವೆ ಮೇವು ಹುಡುಕುವುದನ್ನು ಮರಿ ಕಲಿಯುವುದು ತಾಯಿಯ ಹಿಂದೆ ನಡೆದೇ. ತಳಿ ನಿಜವಾಗಿ ಉಳಿಯುವುದು ಹಿಂಡಿನಲ್ಲಿ.

ಕನ್ನಡದಲ್ಲಿ ಹಟ್ಟಿ ಎಂದರೆ ದನಕುರಿ ಕೂಡುವ ಜಾಗ. ಚಿನ್ನದ ಗಣಿಯ ಊರಿಗೂ ಅದೇ ಹೆಸರು. ಗಣಿಯಿಂದ ತೆಗೆದ ಚಿನ್ನ ಮತ್ತೆ ಬೆಳೆಯುವುದಿಲ್ಲ. ಕುರಿಹಟ್ಟಿಯ ಚಿನ್ನ ಬೆಳೆಯುತ್ತದೆ, ಸಂತೆಯ ಬೆಳಿಗ್ಗೆ ಹಿಂಡಿನ ಅತ್ಯುತ್ತಮ ಟಗರೊಂದನ್ನು ಮಾರದೆ ಉಳಿಸಿಕೊಳ್ಳುವ ಶಕ್ತಿ ಅದನ್ನು ಕಾಯುವವನಿಗೆ ಇದ್ದರೆ. ಆ ಒಂದು ಟಗರಿನ ಬೆಲೆಯನ್ನು ಬಡ ಕುರಿಗಾರನೊಬ್ಬನೇ ಭರಿಸಬೇಕೇ ಎಂಬುದೇ ಕೆಂಗುರಿಯ ಭವಿಷ್ಯವನ್ನು ತೀರ್ಮಾನಿಸುವ ಪ್ರಶ್ನೆ.