ಅಳತೆ ಮೀರಿದ ಜಾಕೆಟ್

ಅಂಗಿ ಮೈಗೆ ಸರಿಯಾಗಿ ಕೂತಿದೆ ಎಂದು ಹೇಳುವುದು ಸುಲಭ. ಆದರೆ 'ಸರಿ' ಎಂದರೆ ಎಷ್ಟು ಎಂಬ ಪ್ರಶ್ನೆಗೆ ಒಂದು ತಲೆಮಾರು ಕೊಟ್ಟ ಉತ್ತರವನ್ನು ಮುಂದಿನ ತಲೆಮಾರು ಒಪ್ಪಿದ್ದು ಕಡಿಮೆ. ಅಪ್ಪನ ಕಣ್ಣಿಗೆ ದೊಗಳೆಯಾಗಿ ಕಂಡದ್ದು ಮಗನಿಗೆ ಫ್ಯಾಷನ್. ಮಗ ಮೆಚ್ಚಿ ಹೊಲಿಸಿದ ಬಿಗಿ ಪ್ಯಾಂಟು ಮೊಮ್ಮಗನಿಗೆ ನಗೆಪಾಟಲು. ಭುಜ ತೋಳಿನ ಮೇಲಕ್ಕೆ ಜಾರಿ, ತೋಳು ಬೆರಳ ತುದಿ ಮುಟ್ಟುವಂಥ ಭಾರಿ ಚರ್ಮದ ಜಾಕೆಟ್ ಇಂದು 'ಓವರ್‌ಸೈಜ್' ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ. ವಿಚಿತ್ರವೆಂದರೆ, ಮೈಗೆ ಅಂಟಿಕೊಂಡೇ ಇರಬೇಕೆಂಬ ಉದ್ದೇಶದಿಂದ ಹುಟ್ಟಿದ ಉಡುಪು ಇದು. ಅದು ಹೀಗೆ ಹಿಗ್ಗಿದ ಕಥೆಯಲ್ಲಿ ವಿಮಾನ ಚಾಲಕರಿದ್ದಾರೆ, ಪೊಲೀಸರಿದ್ದಾರೆ, ವಕೀಲರೂ ಇದ್ದಾರೆ.

ಗಾಳಿ ತಡೆಯಲು ಬಿಗಿ

ಉಟ್ಟು ಸುತ್ತಿಕೊಳ್ಳುವ ಪಂಚೆ, ಸೀರೆಗಳಿಗೆ 'ಫಿಟಿಂಗ್' ಎಂಬ ತೊಡಕಿಲ್ಲ. ಅದು ಬಂದದ್ದು ಕತ್ತರಿಸಿ ಹೊಲಿಯುವ ಬಟ್ಟೆಯ ಜೊತೆಗೆ. ದರ್ಜಿ ಒಬ್ಬೊಬ್ಬರ ಅಳತೆ ತೆಗೆದು ಹೊಲಿಯುತ್ತಿದ್ದ ಕಾಲ ಹೋಗಿ ಸಿದ್ಧ ಉಡುಪುಗಳ 'ಸೈಜ್' ಬರಲು ಸೇನೆಯ ಪಾತ್ರ ದೊಡ್ಡದು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಲಕ್ಷಾಂತರ ಸೈನಿಕರಿಗೆ ಸಮವಸ್ತ್ರ ಬೇಕಾಯಿತು. ಎಲ್ಲರ ಅಳತೆ ತೆಗೆಯುತ್ತ ಕೂರಲು ಸಮಯವಿರಲಿಲ್ಲ. ಹೀಗಾಗಿ ಕೆಲವೇ ನಿರ್ದಿಷ್ಟ ಅಳತೆಗಳಲ್ಲಿ ಬಟ್ಟೆ ಹೊಲಿಯುವ ಪದ್ಧತಿ ಬೇರೂರಿತು. ಯುದ್ಧ ಮುಗಿದ ಮೇಲೆ ಅದು ಅಂಗಡಿಗೂ ಬಂತು.

ಚರ್ಮದ ಜಾಕೆಟ್ಟಿನ ಬಿಗಿಯೂ ಕೆಲಸದ ಅಗತ್ಯದಿಂದ ಬಂದದ್ದೇ. ನ್ಯೂಯಾರ್ಕಿನಲ್ಲಿ 1913ರಲ್ಲಿ ಶುರುವಾದ ಶಾಟ್ ಸಹೋದರರ ಕಂಪೆನಿ 1928ರಲ್ಲಿ 'ಪರ್ಫೆಕ್ಟೊ' ಎಂಬ ಜಾಕೆಟ್ ತಯಾರಿಸಿತು. ಈ ಹೆಸರು ಒಂದು ಸಿಗಾರಿನದು. ಬೆಲೆ ಐದೂವರೆ ಡಾಲರ್. ಮೋಟಾರ್ ಸೈಕಲ್ ಸವಾರ ಮುಂದಕ್ಕೆ ಬಾಗಿ ಕೂರುತ್ತಾನೆ. ಆದ್ದರಿಂದ ಜಾಕೆಟ್ ಸೊಂಟದ ಹತ್ತಿರವೇ ನಿಲ್ಲಬೇಕು, ಇಲ್ಲವಾದರೆ ಹೊಟ್ಟೆಯ ಬಳಿ ಮುದುರುತ್ತದೆ. ಕೈ ಚಾಚಿ ಹ್ಯಾಂಡಲ್ ಹಿಡಿದಾಗ ಮಣಿಕಟ್ಟು ಬಯಲಾಗದಷ್ಟು ತೋಳು ಉದ್ದವಿರಬೇಕು. ಜಿಪ್ ಓರೆಯಾಗಿದ್ದರೆ ಎದೆಯ ಮೇಲೆ ಎರಡು ಪದರ ಚರ್ಮ ಬಂದು ಗಾಳಿ ನಿಲ್ಲುತ್ತದೆ. ಇಂದು ಅಲಂಕಾರವೆಂದು ಕಾಣುವ ಪ್ರತಿಯೊಂದಕ್ಕೂ ಆಗ ಒಂದು ಕಾರಣವಿತ್ತು.

ವಿಮಾನ ಚಾಲಕರ ಜಾಕೆಟ್ಟಿನದೂ ಇದೇ ಲೆಕ್ಕ. ಅಮೆರಿಕದ ಸೇನಾ ವಾಯುದಳ 1931ರಲ್ಲಿ ಒಪ್ಪಿಕೊಂಡ 'ಎ-2' ಜಾಕೆಟ್ ಸಾಮಾನ್ಯವಾಗಿ ಕುದುರೆ ಚರ್ಮದ್ದು. ಸೊಂಟಕ್ಕೂ ಮುಂಗೈಗೂ ಹೆಣೆದ ಉಣ್ಣೆಯ ಪಟ್ಟಿ ಹಾಕಿ ಗಾಳಿಯ ದಾರಿ ಮುಚ್ಚಿದ್ದರು. ಇಕ್ಕಟ್ಟಾದ ಕಾಕ್‌ಪಿಟ್ಟಿನಲ್ಲಿ ಸಡಿಲ ಬಟ್ಟೆ ಎಲ್ಲಾದರೂ ಸಿಕ್ಕಿಕೊಂಡರೆ ಅಪಾಯ. ಅಲ್ಲಿ ಬಿಗಿ ಎಂದರೆ ಸುರಕ್ಷತೆ.

ಇದಕ್ಕೆ ಚರ್ಮದ ಗುಣವನ್ನೂ ಸೇರಿಸಬೇಕು. ಬಟ್ಟೆಯನ್ನು ಬೇಕಾದಷ್ಟು ಉದ್ದಕ್ಕೆ ನೇಯಬಹುದು, ಚರ್ಮ ಪ್ರಾಣಿಯ ಗಾತ್ರ ಮೀರಿ ಸಿಗುವುದಿಲ್ಲ. ಅದು ಚದರ ಅಡಿಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಒಮ್ಮೆ ಸೂಜಿ ಚುಚ್ಚಿದ ತೂತು ಮುಚ್ಚುವುದಿಲ್ಲ, ಹಾಗಾಗಿ ಬಿಚ್ಚಿ ಮರುಹೊಲಿಗೆ ಹಾಕುವುದೂ ಕಷ್ಟ. ಚರ್ಮದಲ್ಲಿ ಅಗತ್ಯಕ್ಕಿಂತ ದೊಡ್ಡದನ್ನು ಹೊಲಿಸುವುದೆಂದರೆ ಅಗತ್ಯಕ್ಕಿಂತ ಹೆಚ್ಚು ಹಣ ಚೆಲ್ಲುವುದು. ಮುಂದೆ ಅದು ಅಂತಸ್ತಿನ ಗುರುತಾಗಲು ಇದೇ ಕಾರಣವಾಯಿತು.

ಸಡಿಲ ಬಟ್ಟೆಗೆ ಬಿದ್ದ ಪೆಟ್ಟು

ಅಳತೆ ಮೀರಿದ ಉಡುಪು ಮೊದಲು ಜಗಳಕ್ಕೆ ಕಾರಣವಾದದ್ದು ಚರ್ಮದಲ್ಲಲ್ಲ, ಉಣ್ಣೆಯ ಬಟ್ಟೆಯಲ್ಲಿ. ಅಗಲ ಭುಜ, ಮೊಣಕಾಲಿನವರೆಗೆ ಇಳಿಯುವ ಕೋಟು, ತೊಡೆಯ ಬಳಿ ಬುಡ್ಡೆಯಂತೆ ಉಬ್ಬಿ ಪಾದದ ಬಳಿ ಕಿರಿದಾಗುವ ಪ್ಯಾಂಟು ಸೇರಿದ 'ಜೂಟ್ ಸೂಟ್' 1930ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಕಪ್ಪು ಯುವಕರಲ್ಲಿ, ಮೆಕ್ಸಿಕನ್ ಮೂಲದ ಯುವಕರಲ್ಲಿ ಜನಪ್ರಿಯವಾಗಿತ್ತು. ಮುಂದೆ ಕರಿಯರ ಹಕ್ಕುಗಳ ನಾಯಕನಾದ ಮಾಲ್ಕಮ್ ಎಕ್ಸ್ ಕೂಡ ಹರೆಯದಲ್ಲಿ ಇದನ್ನು ತೊಟ್ಟವನೇ. ನಗರದಲ್ಲಿ ಯಾರ ಕಣ್ಣಿಗೂ ಬೀಳದೆ ದುಡಿಯಬೇಕೆಂದು ಸಮಾಜ ಬಯಸಿದ್ದ ಹುಡುಗರು ಎಲ್ಲರ ಕಣ್ಣಿಗೂ ಬೀಳುವ ಬಟ್ಟೆ ಆರಿಸಿಕೊಂಡಿದ್ದರು.

1942ರಲ್ಲಿ ಯುದ್ಧೋತ್ಪಾದನಾ ಮಂಡಳಿ ಉಣ್ಣೆ ಉಳಿಸಲು ಗಂಡಸರ ಸೂಟುಗಳ ಬಟ್ಟೆಗೆ ಕಡಿವಾಣ ಹಾಕಿತು. ಅಂದಿನಿಂದ ಜೂಟ್ ಸೂಟ್ ಬರೀ ಶೋಕಿಯಾಗಿ ಉಳಿಯಲಿಲ್ಲ, ದೇಶದ್ರೋಹದಂತೆ ಕಾಣತೊಡಗಿತು. 1943ರ ಜೂನ್ 3ರಿಂದ ಹಲವು ರಾತ್ರಿ ಲಾಸ್ ಏಂಜಲೀಸಿನ ಬೀದಿಗಳಲ್ಲಿ ನಾವಿಕರ, ಸೈನಿಕರ ಗುಂಪುಗಳು ಈ ಉಡುಪಿನ ಹುಡುಗರನ್ನು ಹುಡುಕಿ ಹೊಡೆದವು. ಸಿನಿಮಾ ಮಂದಿರಗಳಿಂದ, ಟ್ರಾಮುಗಳಿಂದ ಎಳೆತಂದು ಜನರೆದುರು ಬಟ್ಟೆ ಹರಿದುಹಾಕಿದವು. ಪೊಲೀಸರು ಬಂಧಿಸಿದ್ದು ಹೆಚ್ಚಾಗಿ ಪೆಟ್ಟು ತಿಂದವರನ್ನೇ. ಗಲಭೆಯ ಬಳಿಕ ನಗರಸಭೆ ಜೂಟ್ ಸೂಟನ್ನೇ ನಿಷೇಧಿಸಬೇಕೆಂಬ ಗೊತ್ತುವಳಿಗೆ ಒಪ್ಪಿತು. ಬಟ್ಟೆಯ ಅಳತೆ ಅಪರಾಧವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಅದೇ 1943ರಲ್ಲಿ ಅಮೆರಿಕದ ವಾಯುಸೇನೆ ಎ-2 ಜಾಕೆಟ್ಟಿನ ಖರೀದಿ ನಿಲ್ಲಿಸಿ ಬಟ್ಟೆಯ ಜಾಕೆಟ್ಟಿಗೆ ತಿರುಗಿತು. ಕೆಲಸದಿಂದ ನಿವೃತ್ತವಾದ ಚರ್ಮದ ಜಾಕೆಟ್ ಯುದ್ಧಾನಂತರ ಬೇರೆ ದಾರಿ ಹಿಡಿಯಿತು. 1953ರಲ್ಲಿ ತೆರೆಕಂಡ 'ದಿ ವೈಲ್ಡ್ ಒನ್' ಚಿತ್ರದಲ್ಲಿ ಮೋಟಾರ್ ಸೈಕಲ್ ಗುಂಪಿನ ನಾಯಕನಾಗಿ ಮರ್ಲಾನ್ ಬ್ರ್ಯಾಂಡೊ ಚರ್ಮದ ಜಾಕೆಟ್ ತೊಟ್ಟ. ಬ್ರಿಟನ್ನಿನ ಸೆನ್ಸಾರ್ ಮಂಡಳಿ ಆ ಚಿತ್ರಕ್ಕೆ 1967ರವರೆಗೂ ಪ್ರಮಾಣಪತ್ರ ಕೊಡಲಿಲ್ಲ. ಜಾಕೆಟ್ ಈಗ ಪುಂಡತನದ ಗುರುತು. ಆದರೂ ಅದರ ಅಳತೆ ಬದಲಾಗಿರಲಿಲ್ಲ. ಪುಂಡನ ಮೈಗೂ ಅದು ಬಿಗಿಯಾಗಿಯೇ ಕೂತಿತ್ತು.

ಭುಜ ಹಿಗ್ಗಿದ ದಶಕ

ಬಿಗಿ ಸಡಿಲವಾದದ್ದು 1970ರ ದಶಕದ ಕೊನೆಯಿಂದೀಚೆಗೆ. ಮಿಲಾನಿನ ಜಾರ್ಜೊ ಅರ್ಮಾನಿ 1975ರಲ್ಲಿ ಸ್ವಂತ ಸಂಸ್ಥೆ ತೆರೆದು, ಕೋಟಿನ ಒಳಗಿನ ಗಟ್ಟಿ ಪದರಗಳನ್ನು ತೆಗೆದುಹಾಕಿದ. ಕೋಟು ಮೈಯನ್ನು ಹಿಡಿಯುವ ಬದಲು ಮೈಮೇಲಿಂದ ಇಳಿಯತೊಡಗಿತು. 1980ರ 'ಅಮೆರಿಕನ್ ಜಿಗೊಲೊ' ಚಿತ್ರದಲ್ಲಿ ರಿಚರ್ಡ್ ಗೇರ್ ತೊಟ್ಟ ಬಟ್ಟೆಗಳು ಇದನ್ನು ಮನೆಮಾತಾಗಿಸಿದವು. ಅದೇ ಹೊತ್ತಿಗೆ ಪ್ಯಾರಿಸಿನಲ್ಲಿ ಕ್ಲೋದ್ ಮೊಂತಾನ ಚರ್ಮದಲ್ಲೇ ಭಾರಿ ಭುಜಗಳನ್ನು ಕಟ್ಟಿದ. ಕುದುರೆ ಚರ್ಮ ಬಿರುಸು. ಹದಮಾಡಿದ ತೆಳು ಕುರಿಮರಿ ಚರ್ಮವಾದರೆ ಬಟ್ಟೆಯಂತೆ ಮಡಿಕೆ ಬೀಳುತ್ತದೆ, ದೊಡ್ಡದಾಗಿ ಕತ್ತರಿಸಿದರೂ ಭಾರವೆನಿಸುವುದಿಲ್ಲ. 1983ರ 'ಥ್ರಿಲ್ಲರ್' ವಿಡಿಯೊದಲ್ಲಿ ತೆಳ್ಳಗಿನ ಮೈಕೆಲ್ ಜಾಕ್ಸನ್‌ಗೆ ವೇಷಭೂಷಣಕಾರ್ತಿ ಡೆಬೊರಾ ಲ್ಯಾಂಡಿಸ್ ತೊಡಿಸಿದ್ದೂ ಅಗಲ ಭುಜದ ಕೆಂಪು ಚರ್ಮದ ಜಾಕೆಟ್. 2011ರ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ 18 ಲಕ್ಷ ಡಾಲರ್.

ಜಪಾನಿನಿಂದ ಬಂದ ವಿಚಾರ ಇನ್ನೂ ಮುಂದೆ ಹೋಯಿತು. 1981ರಲ್ಲಿ ಪ್ಯಾರಿಸಿನಲ್ಲಿ ತಮ್ಮ ಉಡುಪುಗಳನ್ನು ತೋರಿಸಿದ ರೇ ಕವಾಕುಬೊ ಮತ್ತು ಯೋಜಿ ಯಮಾಮೊಟೊ, ಬಟ್ಟೆ ದೇಹದ ಆಕಾರವನ್ನು ಹಿಂಬಾಲಿಸಲೇಬೇಕೆಂಬ ನಿಯಮವನ್ನೇ ಕೈಬಿಟ್ಟರು. ನೇರ ಹೊಲಿಗೆಯ ಕಿಮೋನೊ ಉಡುವ ನಾಡಿನವರಿಗೆ ಮೈಗೂ ಬಟ್ಟೆಗೂ ನಡುವೆ ಉಳಿಯುವ ಜಾಗ ದೋಷವಾಗಿರಲಿಲ್ಲ. ಪ್ಯಾರಿಸಿನ ವಿಮರ್ಶಕರಲ್ಲಿ ಹಲವರಿಗೆ ಆಗ ಅದು ಹಿಡಿಸಲಿಲ್ಲ.

ಹಾರ್ಲೆಮಿನ ದರ್ಜಿ

ದೊಡ್ಡ ಚರ್ಮದ ಜಾಕೆಟ್ಟಿಗೆ ಇಂದಿನ ಅರ್ಥ ತಂದುಕೊಟ್ಟದ್ದು ಮಾತ್ರ ಪ್ಯಾರಿಸ್ ಅಲ್ಲ, ನ್ಯೂಯಾರ್ಕಿನ ಕರಿಯರ ಬಡಾವಣೆ ಹಾರ್ಲೆಮ್. ಡ್ಯಾಪರ್ ಡ್ಯಾನ್ ಎಂದೇ ಹೆಸರಾದ ಡ್ಯಾನಿಯಲ್ ಡೇ 1982ರಲ್ಲಿ ಅಲ್ಲಿನ 125ನೇ ಬೀದಿಯಲ್ಲಿ ಅಂಗಡಿ ತೆರೆದ. ಅದು ಹಗಲೂ ರಾತ್ರಿಯೂ ತೆರೆದಿರುತ್ತಿತ್ತು. ಗುಚ್ಚಿ, ಲೂಯಿ ವಿಟಾನ್, ಫೆಂಡಿ ಕಂಪೆನಿಗಳ ಚಿಹ್ನೆಗಳನ್ನು ಆತ ತಾನೇ ಚರ್ಮದ ಮೇಲೆ ಅಚ್ಚು ಹಾಕಿ, ಭಾರಿ ತೋಳಿನ, ಅಗಲ ಭುಜದ ಜಾಕೆಟ್ಟುಗಳನ್ನು ಹೊಲಿಸಿದ. ಆ ಕಂಪೆನಿಗಳು ಅಂಥ ಉಡುಪನ್ನು ಆಗ ಮಾಡುತ್ತಲೇ ಇರಲಿಲ್ಲ. ಗಿರಾಕಿಗಳು ರ‍್ಯಾಪ್ ಗಾಯಕರು, ಬಾಕ್ಸರುಗಳು, ಕಳ್ಳ ದಂಧೆಯ ಶ್ರೀಮಂತರು. ತಮ್ಮನ್ನು ಬಾಗಿಲಲ್ಲೇ ತಡೆಯುವ ಅಂಗಡಿಗಳ ಚಿಹ್ನೆಯನ್ನು ಅವರು ಅಂಗೈಯಗಲವಲ್ಲ, ಬೆನ್ನಗಲ ತೊಟ್ಟು ಮೆರೆದರು.

ಕಾನೂನಿನ ಕಣ್ಣಿಗೆ ಇದು ಚಿಹ್ನೆಯ ಕಳವು. 1988ರಲ್ಲಿ ಮೈಕ್ ಟೈಸನ್ ಆ ಅಂಗಡಿಯೆದುರು ಇನ್ನೊಬ್ಬ ಬಾಕ್ಸರ್ ಜೊತೆ ಹೊಡೆದಾಡಿದ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಕಂಪೆನಿಗಳ ಗಮನ ಅತ್ತ ಹರಿಯಿತು. ದಾಳಿಗಳು ನಡೆದವು. ಫೆಂಡಿಯ ಪರವಾಗಿ ಬಂದ ವಕೀಲರಲ್ಲಿ ಸೋನಿಯಾ ಸೊಟೊಮೇಯರ್ ಕೂಡ ಇದ್ದರು. ಮುಂದೆ 2009ರಲ್ಲಿ ಅವರು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. 1992ರಲ್ಲಿ ಅಂಗಡಿ ಮುಚ್ಚಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಿಪ್‌ಹಾಪ್ ಸಂಗೀತದ ಜೊತೆ ದೊಗಳೆ ಉಡುಪು ಜಗತ್ತನ್ನೇ ಸುತ್ತಿತು. 2017ರ ಮೇ ತಿಂಗಳಲ್ಲಿ ಇಟಲಿಯ ಫ್ಲಾರೆನ್ಸಿನ ಪಿಟ್ಟಿ ಅರಮನೆಯಲ್ಲಿ ಗುಚ್ಚಿ ನಡೆಸಿದ ಪ್ರದರ್ಶನದಲ್ಲಿ ಬಲೂನಿನಂತೆ ಊದಿದ ತೋಳಿನ ಒಂದು ಜಾಕೆಟ್ ಕಾಣಿಸಿತು. ಒಲಿಂಪಿಕ್ ಓಟಗಾರ್ತಿ ಡಯಾನ್ ಡಿಕ್ಸನ್‌ಗೆ 1980ರ ದಶಕದ ಕೊನೆಯಲ್ಲಿ ಡ್ಯಾಪರ್ ಡ್ಯಾನ್ ಹೊಲಿದುಕೊಟ್ಟ ಜಾಕೆಟ್ಟನ್ನೇ ಅದು ಹೋಲುತ್ತಿತ್ತು. ಹಳೆಯದರ ಮೇಲಿದ್ದದ್ದು ಲೂಯಿ ವಿಟಾನ್ ಚಿಹ್ನೆ, ಹೊಸದರ ಮೇಲೆ ಗುಚ್ಚಿಯದು. ಚಿಹ್ನೆ ಕದ್ದನೆಂದು ಬೀದಿಗೆ ಬಿದ್ದವನ ವಿನ್ಯಾಸ ಈಗ ಅರಮನೆಯಲ್ಲಿದೆ ಎಂದು ಟೀಕೆ ಎದ್ದಿತು. ಅದು ಆತನಿಗೆ ಸಲ್ಲಿಸಿದ ಗೌರವ ಎಂದಿತು ಗುಚ್ಚಿ. ಬಳಿಕ ಇಬ್ಬರ ನಡುವೆ ಒಪ್ಪಂದವಾಗಿ, 2018ರಲ್ಲಿ ಹಾರ್ಲೆಮಿನಲ್ಲೇ ಡ್ಯಾಪರ್ ಡ್ಯಾನ್ ಮತ್ತೆ ಅಂಗಡಿ ತೆರೆದ. ಈ ಬಾರಿ ಚರ್ಮ ಒದಗಿಸಿದ್ದು ಗುಚ್ಚಿಯೇ.

ಬೆಳೆಯುವ ಹುಡುಗನಿಗೆಂದು ಒಂದು ಸೈಜ್ ದೊಡ್ಡದು ತರುವುದು, ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸುವುದು ಎಲ್ಲ ದೇಶದ ಬಡ ಮನೆಗಳಲ್ಲೂ ಇದ್ದದ್ದೇ. ಅಲ್ಲಿ ದೊಗಳೆ ಬಟ್ಟೆ ಸಂಕೋಚದ ವಿಷಯ. ಅದೇ ಅಳತೆ 1943ರಲ್ಲಿ ಲಾಸ್ ಏಂಜಲೀಸಿನ ಬೀದಿಯಲ್ಲಿ ಹರಿದುಹೋಯಿತು, 1992ರಲ್ಲಿ ಹಾರ್ಲೆಮಿನಲ್ಲಿ ಬಾಗಿಲು ಹಾಕಿಸಿತು, 2017ರಲ್ಲಿ ಅರಮನೆ ಸೇರಿತು. ಜಾಕೆಟ್ 'ಸರಿಯಾಗಿ ಕೂತಿದೆಯೇ' ಎಂಬ ಪ್ರಶ್ನೆಗೆ ಉತ್ತರ ಅಳತೆ ಟೇಪಿನಲ್ಲಿ ಮಾತ್ರ ಸಿಗುವುದಿಲ್ಲ. ಅದನ್ನು ತೊಟ್ಟವರು ಯಾರು, ನೋಡಿ ತೀರ್ಪು ಹೇಳಿದವರು ಯಾರು ಎಂಬುದನ್ನೂ ಕೇಳಬೇಕಾಗುತ್ತದೆ.