ಹುಬ್ಬಳ್ಳಿಯ ಭಗಿನಿ ಮಂಡಳ ಮತ್ತು 1932ರ ನಿಷೇಧ

ಬೆಂಗಳೂರಿನಿಂದ ಪುಣೆಯ ಕಡೆಗೆ ಹೋಗುವ ರೈಲು ದಾವಣಗೆರೆಯನ್ನು ಬಿಟ್ಟು ಸ್ವಲ್ಪ ಹೊತ್ತಿಗೆ ಹರಿಹರವನ್ನು ಸೇರುತ್ತದೆ; ಅಲ್ಲಿಂದ ತುಂಗಭದ್ರೆಯನ್ನು ದಾಟಿ ರಾಣೇಬೆನ್ನೂರು, ಹಾವೇರಿಗಳ ಮೇಲೆ ಹುಬ್ಬಳ್ಳಿಯನ್ನು ಮುಟ್ಟುತ್ತದೆ. ಇಂದಿನ ಪ್ರಯಾಣಿಕನಿಗೆ ಈ ಹೊಳೆ ಒಂದು ಹೊಳೆ ಮಾತ್ರ. ಆದರೆ ಸ್ವಾತಂತ್ರ್ಯ ಬರುವವರೆಗೂ ಅದು ಎರಡು ಆಡಳಿತಗಳ ನಡುವಣ ಗಡಿಯಾಗಿತ್ತು. ದಕ್ಷಿಣದ ದಡದಲ್ಲಿ ಮೈಸೂರು ಸಂಸ್ಥಾನ, ಉತ್ತರದ ದಡದಲ್ಲಿ ಬ್ರಿಟಿಷರ ಮುಂಬಯಿ ಪ್ರಾಂತ. ಭಾಷೆ ಒಂದೇ, ಹತ್ತಿಯ ವ್ಯಾಪಾರ ಒಂದೇ, ಕೊಟ್ಟು ತರುವ ನೆಂಟಸ್ತಿಕೆಯೂ ಉಂಟು. ಕಾನೂನು ಮಾತ್ರ ಬೇರೆ. ಹೆಂಗಸರು ಕೂಡಿ ಕಟ್ಟಿಕೊಂಡ ಸೇವಾಸಂಸ್ಥೆಗಳ ಇತಿಹಾಸದಲ್ಲಿ ಈ ಗಡಿ ಎಷ್ಟು ದೊಡ್ಡ ಅಂತರವನ್ನು ಉಂಟುಮಾಡಿತೆಂಬುದಕ್ಕೆ ಹುಬ್ಬಳ್ಳಿಯ ಭಗಿನಿ ಮಂಡಳವು ಒಳ್ಳೆಯ ನಿದರ್ಶನವಾಗಿದೆ.

ಇಂಥ ಸಂಸ್ಥೆಗಳ ಕಲ್ಪನೆ ಹುಬ್ಬಳ್ಳಿಯಲ್ಲಿಯೇ ಹುಟ್ಟಿದುದಲ್ಲ. ಪಂಡಿತಾ ರಮಾಬಾಯಿಯವರು 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಅವರು ಹುಟ್ಟಿದುದು ನಮ್ಮ ಪಶ್ಚಿಮ ಘಟ್ಟದ ಸೆರಗಿನಲ್ಲಿ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು. ಕರ್ವೆಯವರ ವಿಧವಾಶ್ರಮ 1896ರದು. ರಮಾಬಾಯಿ ರಾನಡೆಯವರ ಪುಣೆಯ ಸೇವಾಸದನ 1909ರದು. ಕನ್ನಡ ನಾಡಿನಲ್ಲಿ, ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ಮಂಗಳೂರಿನಲ್ಲಿ, ಕಾರ್ನಾಡ ಸದಾಶಿವರಾಯರು ತಮ್ಮ ಪತ್ನಿಯೊಡನೆ 1911ರಲ್ಲಿ ಮಹಿಳಾ ಸಭೆಯನ್ನು ಸ್ಥಾಪಿಸಿದರು. ಬಡ ವಿಧವೆಯರು ಒಂದು ಕಸುಬನ್ನು ಕಲಿತು ತಮ್ಮ ಕಾಲಮೇಲೆ ನಿಲ್ಲಲೆಂಬುದು ಅದರ ಉದ್ದೇಶವಾಗಿತ್ತು. ಬೆಂಗಳೂರಿನ ಮಹಿಳಾ ಸೇವಾ ಸಮಾಜ ಪ್ರಾರಂಭವಾದುದು 1913ರಲ್ಲಿ. ಸಭೆ, ಸಮಾಜ, ಸದನ, ಮಂಡಳ ಎಂದು ಹೆಸರುಗಳು ಬೇರೆಬೇರೆಯಾದರೂ ಎಲ್ಲವುಗಳ ಮುಂದಿದ್ದ ಪ್ರಶ್ನೆ ಹೆಚ್ಚುಕಡಮೆ ಒಂದೇ. ಗಂಡನನ್ನು ಕಳೆದುಕೊಂಡ, ಅಕ್ಷರವಿಲ್ಲದ, ಸಂಪಾದನೆಯಿಲ್ಲದ ಹೆಂಗಸಿಗೆ ಮನೆಯ ಮೂಲೆಯ ಹೊರತು ಬೇರೊಂದು ಜಾಗವುಂಟೆ?

ಭಗಿನಿ ಮಂಡಳದ ಜೀವಾಳವಾಗಿದ್ದ ಉಮಾಬಾಯಿ ಕುಂದಾಪುರ ಅವರಿಗೆ ಈ ಪ್ರಶ್ನೆ ಪುಸ್ತಕದಿಂದ ಬಂದುದಲ್ಲ. 1892ರಲ್ಲಿ ಜನಿಸಿದ ಅವರ ತವರಿನ ಹೆಸರು ಭವಾನಿ ಗೋಳಿಕೇರಿ. 13ನೆಯ ವಯಸ್ಸಿನಲ್ಲಿ ಸಂಜೀವರಾವ್ ಕುಂದಾಪುರ ಅವರೊಡನೆ ವಿವಾಹವಾಯಿತು. ಮಾವ ಆನಂದರಾಯರು ಸಮಾಜಸುಧಾರಣೆಯಲ್ಲಿ ನಂಬಿಕೆಯಿದ್ದವರು. ಸೊಸೆಯನ್ನು ಓದಿಸಿದರು, ಅವಳು ಮೆಟ್ರಿಕ್ಯುಲೇಷನ್ ಮುಗಿಸುವಂತೆ ನೋಡಿಕೊಂಡರು, ಮುಂಬಯಿಯಲ್ಲಿ ತಾವು ಕೈಗೊಂಡಿದ್ದ ಸ್ತ್ರೀಶಿಕ್ಷಣದ ಕಾರ್ಯದಲ್ಲಿ ಅವಳನ್ನು ಜೊತೆಗೂಡಿಸಿಕೊಂಡರು. ನಮ್ಮ ಸ್ತ್ರೀಸಂಸ್ಥೆಗಳ ಚರಿತ್ರೆಯಲ್ಲಿ ಸುಧಾರಕ ಪತಿಯರ ಹೆಸರು ಮೇಲಿಂದ ಮೇಲೆ ಬರುತ್ತದೆ. ಸುಧಾರಕ ಮಾವಂದಿರು ವಿರಳ. 1920ರ ಆಗಸ್ಟ್ 1ರಂದು ತಿಲಕರು ಮುಂಬಯಿಯಲ್ಲಿ ತೀರಿಕೊಂಡಾಗ ಅವರ ಅಂತ್ಯಯಾತ್ರೆಗೆ ಸೇರಿದ ಜನಸಾಗರ ಉಮಾಬಾಯಿಯವರ ಮನಸ್ಸಿನ ಮೇಲೆ ಆಳವಾದ ಪರಿಣಾಮವನ್ನುಂಟುಮಾಡಿತು. ಅವರು ಕಾಂಗ್ರೆಸ್ಸಿನ ಸ್ವಯಂಸೇವಕಿಯಾದರು. 1923ರಲ್ಲಿ ಪತಿ ಕಾಲವಾದರು. ಅನಂತರ ಆನಂದರಾಯರು ಸೊಸೆಯೊಡನೆ ಹುಬ್ಬಳ್ಳಿಗೆ ಬಂದು ಕರ್ನಾಟಕ ಪ್ರೆಸ್ ಎಂಬ ಮುದ್ರಣಾಲಯವನ್ನು ತೆರೆದರು. ಉಮಾಬಾಯಿಯವರು ತಿಲಕ ಕನ್ಯಾಶಾಲೆಯ ಹೊಣೆಯನ್ನು ಹೊತ್ತರು. ಮುದ್ರಣಾಲಯ, ಹೆಣ್ಣುಮಕ್ಕಳ ಶಾಲೆ, ಭಗಿನಿ ಮಂಡಳ ಇವು ಮೂರೂ ಒಂದೇ ಕುಟುಂಬದ ಆಶ್ರಯದಲ್ಲಿ ಬೆಳೆದುವು. ಮುಂದೆ ಸರ್ಕಾರದ ಕೈ ಇವು ಮೂರರ ಮೇಲೂ ಬಿದ್ದುದಕ್ಕೆ ಈ ಸಾಮೀಪ್ಯವೇ ಕಾರಣವೆಂದು ನನಗೆ ತೋರುತ್ತದೆ.

ಹುಬ್ಬಳ್ಳಿಯಲ್ಲಿ ಆಗ ಡಾಕ್ಟರ್ ನಾ. ಸು. ಹರ್ಡೀಕರರು ಹಿಂದುಸ್ಥಾನಿ ಸೇವಾದಳವನ್ನು ಕಟ್ಟುತ್ತಿದ್ದರು. ಅದರ ಮಹಿಳಾ ವಿಭಾಗದ ನಾಯಕತ್ವ ಉಮಾಬಾಯಿಯವರದಾಯಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ಸೇರಿತು. ಅದಕ್ಕಾಗಿ ಅವರು ಊರೂರು ತಿರುಗಿ 150ಕ್ಕೂ ಹೆಚ್ಚು ಮಂದಿ ಸ್ವಯಂಸೇವಕಿಯರನ್ನು ಕೂಡಿಸಿದರು. ಈ ಸಂಖ್ಯೆಗಿಂತ ಮುಖ್ಯವಾದ ಸಂಗತಿಯೆಂದರೆ, ಅವರಲ್ಲಿ ವಿಧವೆಯರೂ ಇದ್ದರೆಂಬುದು. ಶುಭಕಾರ್ಯಗಳಲ್ಲಿ ಎದುರಿಗೆ ಬರಬಾರದೆಂದು ಹಿಂದೆ ಸರಿಸಲ್ಪಟ್ಟವರು ಇಡೀ ದೇಶದ ಪ್ರತಿನಿಧಿಗಳನ್ನು ಎದುರ್ಗೊಳ್ಳುವ ಕೆಲಸಕ್ಕೆ ನಿಂತರು. ಅಧಿವೇಶನದ ನಿರ್ಣಯಗಳು ನಮ್ಮ ಪಠ್ಯಪುಸ್ತಕಗಳಲ್ಲಿವೆ. ಈ ಸ್ತ್ರೀಯರಿಗೆ ಅಲ್ಲಿ ಹೆಚ್ಚಿನ ಸ್ಥಳ ದೊರೆತಿಲ್ಲ.

1932ನೆಯ ವರ್ಷ ಮಂಡಳದ ಪಾಲಿಗೆ ನಿರ್ಣಾಯಕವಾಯಿತು. ಎರಡನೆಯ ದುಂಡುಮೇಜಿನ ಪರಿಷತ್ತು ವಿಫಲವಾಗಿ ಕಾಯಿದೆಭಂಗ ಚಳವಳಿ ಮತ್ತೆ ಮೊದಲಾಯಿತು. ಜನವರಿ 4ರಂದು ಭಾರತ ಸರ್ಕಾರ ಒಂದೇ ದಿನ ನಾಲ್ಕು ಸುಗ್ರೀವಾಜ್ಞೆಗಳನ್ನು ಹೊರಡಿಸಿತು. ಅವುಗಳಲ್ಲಿ ಒಂದು ಕಾಯಿದೆಬಾಹಿರ ಸಂಘಗಳಿಗೆ ಸಂಬಂಧಿಸಿದುದು. ಯಾವುದೇ ಸಂಘವನ್ನು ಕಾಯಿದೆಬಾಹಿರವೆಂದು ಸಾರುವ ಅಧಿಕಾರ 1908ರ ಶಾಸನದಿಂದಲೇ ಸರ್ಕಾರಕ್ಕಿತ್ತು. ಸುಗ್ರೀವಾಜ್ಞೆಯು ಇದಕ್ಕೆ ಸಂಘದ ಸ್ಥಳವನ್ನು ವಶಪಡಿಸಿಕೊಳ್ಳುವ, ಹಣವನ್ನು ಮುಟ್ಟುಗೋಲು ಹಾಕುವ ಬಲವನ್ನು ಸೇರಿಸಿತು. ಸಂಘವು ಧರ್ಮಕಾರ್ಯವನ್ನು ಮಾಡುತ್ತಿದೆಯೆ, ಮಕ್ಕಳಿಗೆ ಪಾಠ ಹೇಳುತ್ತಿದೆಯೆ ಎಂಬ ವಿಚಾರಣೆಗೆ ಅಲ್ಲಿ ಎಡೆಯಿರಲಿಲ್ಲ. ಪ್ರಕಟಣೆಯೊಂದು ಹೊರಟರೆ ಸಾಕಾಗಿತ್ತು. ಉಮಾಬಾಯಿಯವರು ಬಂಧಿತರಾಗಿ ನಾಲ್ಕು ತಿಂಗಳನ್ನು ಯೆರವಡಾ ಸೆರೆಮನೆಯಲ್ಲಿ ಕಳೆದರು. ಹೊರಗೆ ಕರ್ನಾಟಕ ಪ್ರೆಸ್ಸು ಸರ್ಕಾರದ ವಶವಾಯಿತು, ಕನ್ಯಾಶಾಲೆಯ ಬಾಗಿಲಿಗೆ ಮುದ್ರೆ ಬಿತ್ತು, ಭಗಿನಿ ಮಂಡಳ ಕಾಯಿದೆಬಾಹಿರವೆಂದು ಘೋಷಿತವಾಯಿತು. ಅವರು ಸೆರೆಯಲ್ಲಿದ್ದಾಗಲೇ ಆನಂದರಾಯರು ಕಾಲವಾದರು.

ಸರ್ಕಾರದ ದೃಷ್ಟಿಯಿಂದ ನೋಡಿದರೆ ಈ ಕ್ರಮದಲ್ಲಿ ಒಂದು ತರ್ಕವುಂಟು. ಹೆಂಗಸರಿಗೆ ಅಕ್ಷರವನ್ನೂ ಶಿಸ್ತನ್ನೂ ಕಲಿಸುತ್ತಿದ್ದವರೇ ಸೇವಾದಳದ ಸ್ವಯಂಸೇವಕಿಯರನ್ನು ಸಿದ್ಧಪಡಿಸುತ್ತಿದ್ದರು. ಒಂದನ್ನು ಬಿಟ್ಟು ಇನ್ನೊಂದನ್ನು ಹತ್ತಿಕ್ಕುವುದು ಸಾಧ್ಯವಿರಲಿಲ್ಲ. ಸೇವೆ ಬೇರೆ, ರಾಜಕಾರಣ ಬೇರೆ ಎಂಬ ವಿಂಗಡಣೆಯನ್ನು ನಾವು ಇಂದಿಗೂ ಇತಿಹಾಸದ ಅಧ್ಯಾಯಗಳಲ್ಲಿ ಉಳಿಸಿಕೊಂಡಿದ್ದೇವೆ. ಆ ವಿಂಗಡಣೆ ಹುಸಿಯೆಂಬುದನ್ನು 1932ರಲ್ಲಿ ಮುಂಬಯಿ ಪ್ರಾಂತದ ಅಧಿಕಾರಿಗಳು ನಮಗಿಂತ ಚೆನ್ನಾಗಿ ಅರಿತಿದ್ದರೆನ್ನಬೇಕು.

ಹೊಳೆಯ ಈಚೆಯ ಸ್ಥಿತಿ ಬೇರೆ. ದೇಶೀಯ ಸಂಸ್ಥಾನಗಳಲ್ಲಿ ತಾನಾಗಿ ಸತ್ಯಾಗ್ರಹವನ್ನು ನಡೆಸಬಾರದೆಂಬುದು ಆಗಿನ ಕಾಂಗ್ರೆಸ್ಸಿನ ನೀತಿಯಾಗಿತ್ತು. ಮೈಸೂರಿನಲ್ಲಿ ಸ್ತ್ರೀಶಿಕ್ಷಣವು 1881ರಲ್ಲಿ ತೆರೆದ ಮಹಾರಾಣಿ ಶಾಲೆಯ ಕಾಲದಿಂದ ಅರಮನೆಯ ಆಶ್ರಯದಲ್ಲಿಯೇ ಬೆಳೆದುಬಂದಿತ್ತು. ಆದುದರಿಂದ ಇಲ್ಲಿಯ ಮಹಿಳಾ ಸಮಾಜಗಳು ಸರ್ಕಾರದೊಡನೆ ಸ್ನೇಹದಿಂದ ನಡೆದುಕೊಳ್ಳುವುದು ಸಹಜವಾಗಿತ್ತು. ಇದನ್ನು ಹೇಡಿತನವೆನ್ನುವವರಿದ್ದಾರೆ, ನಾನು ಹಾಗೆನ್ನಲಾರೆ. ಆ ಸ್ನೇಹದಿಂದ ಎಷ್ಟೋ ಹೆಣ್ಣುಮಕ್ಕಳು ಓದಿದರು. ಹರಿಹರದ ಸೇತುವೆಯ ಎರಡು ತುದಿಗಳಲ್ಲಿ ಒಂದೇ ಬಗೆಯ ಕೆಲಸಕ್ಕೆ ಒಂದೆಡೆ ಪ್ರೋತ್ಸಾಹ, ಇನ್ನೊಂದೆಡೆ ಬೀಗಮುದ್ರೆ ದೊರೆಯಿತೆಂಬ ವಾಸ್ತವವನ್ನು ಮಾತ್ರ ಗಮನಿಸಬೇಕು.

ಬಿಡುಗಡೆಯಾದ ಮೇಲೆ ಉಮಾಬಾಯಿಯವರು ಮಾಡಿದ ಕೆಲಸ ನನ್ನ ದೃಷ್ಟಿಯಲ್ಲಿ ಅವರ ಎಲ್ಲ ಕಾರ್ಯಗಳಿಗಿಂತ ದೊಡ್ಡದು. ಸತ್ಯಾಗ್ರಹದಲ್ಲಿ ಸೆರೆಯಾಗಿ ಶಿಕ್ಷೆ ಮುಗಿಸಿ ಹೊರಬಂದ ಸ್ತ್ರೀಯರಲ್ಲಿ ಅನೇಕರ ಕೈಯಲ್ಲಿ ಊರಿಗೆ ಹೋಗಲು ಹಣವಿರಲಿಲ್ಲ, ಉಳಿಯಲು ನೆಲೆಯಿರಲಿಲ್ಲ. ಗಂಡಸು ಸೆರೆಯಿಂದ ಬಂದರೆ ಹಾರ ಹಾಕುವ ಸಮಾಜ ಹೆಂಗಸು ಬಂದಾಗ ಕೇಳುವ ಪ್ರಶ್ನೆಗಳು ಬೇರೆಯೇ. ಸಂಸ್ಥೆಯಿಲ್ಲ, ಕಟ್ಟಡವಿಲ್ಲ, ನಿಧಿಯಿಲ್ಲ. ಅವರ ಸಣ್ಣ ಮನೆಯೇ ಇಂಥವರ ತಂಗುದಾಣವಾಯಿತು. ಇಲ್ಲಿ ಉಣಿಸಿ, ಇರಿಸಿಕೊಂಡು, ಅವರನ್ನು ಊರಿಗೆ ಕಳಿಸುವ ಏರ್ಪಾಡು ನಡೆಯಿತು. ಕಾಯಿದೆಯ ಲೆಕ್ಕದಲ್ಲಿ ಭಗಿನಿ ಮಂಡಳ ಇಲ್ಲವಾಗಿತ್ತು. ಅದರ ಕೆಲಸ ಅಡಿಗೆಮನೆಗೆ ಸ್ಥಳಾಂತರಗೊಂಡಿತ್ತು.

1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ ಅವರು ಸ್ವಯಂಸೇವಕರೊಡನೆ ಅಲ್ಲಿಗೆ ಹೋಗಿ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. 1942ರಲ್ಲಿ ಭೂಗತರಾಗಿದ್ದ ಹೋರಾಟಗಾರರಿಗೆ ಅವರ ಮನೆಯಲ್ಲಿ ಅನ್ನವೂ ಆಶ್ರಯವೂ ದೊರೆತುವು.

1944ರ ಫೆಬ್ರವರಿ 22ರಂದು ಕಸ್ತೂರಬಾ ಅವರು ಆಗಾಖಾನ್ ಅರಮನೆಯ ಬಂಧನದಲ್ಲಿ ನಿಧನರಾದರು. ಅವರ ಸ್ಮರಣೆಗೆ 75 ಲಕ್ಷ ರೂಪಾಯಿಗಳ ನಿಧಿಯನ್ನು ಕೂಡಿಸಬೇಕೆಂದು ದೇಶದ ಹಿರಿಯರು ನಿಶ್ಚಯಿಸಿದರು. ಹಳ್ಳಿಯ ಹೆಂಗಸರ ಮತ್ತು ಮಕ್ಕಳ ಹಿತಕ್ಕಾಗಿ ಆ ನಿಧಿ ಮೀಸಲಾಯಿತು. ಅದರ ಕರ್ನಾಟಕ ಶಾಖೆಯ ಪ್ರತಿನಿಧಿಯಾಗಿ ಗಾಂಧೀಜಿಯವರು 1946ರಲ್ಲಿ ಉಮಾಬಾಯಿಯವರನ್ನು ನೇಮಿಸಿದರು. ಗ್ರಾಮಸೇವಿಕೆಯರಿಗೆ ಆರೋಗ್ಯ, ಶಿಶುಪಾಲನೆ, ಬಾಲವಾಡಿಗಳ ಬಗ್ಗೆ ಶಿಕ್ಷಣ ಕೊಡುವುದು ಅವರ ಪಾಲಿನ ಕೆಲಸ. ಹಣ ಸಾಲದಾದಾಗ 54 ವರ್ಷ ದಾಟಿದ ಈ ಹೆಂಗಸು ಮನೆಮನೆಯ ಬಾಗಿಲಿಗೆ ಹೋಗಿ ಬೇಡಿ ತಂದರು.

2000–01ರಲ್ಲಿ ಕರ್ನಾಟಕ ಸರ್ಕಾರ ಸ್ತ್ರೀಶಕ್ತಿ ಯೋಜನೆಯನ್ನು ಪ್ರಾರಂಭಿಸಿದ ಮೇಲೆ ಸ್ತ್ರೀಯರ ಸಂಘಗಳು ಊರೂರಿಗೂ ಬಂದಿವೆ. ನಮ್ಮ ನಿಟ್ಟುವಳ್ಳಿಯಂಥ ಬಡಾವಣೆಯ ವಿದ್ಯಾರ್ಥಿನಿಗೆ ಸಂಘವೆಂದರೆ ಪಾಸ್‌ಬುಕ್ಕು, ವಾರದ ಉಳಿತಾಯ, ಸಾಲದ ಕಂತು. ಸರ್ಕಾರವೇ ನಿಂತು ಕಟ್ಟಿಸುವ ಸಂಘವನ್ನು ಕಂಡವಳಿಗೆ, ಸರ್ಕಾರ ಮುಚ್ಚಿಸಿದ ಸಂಘದ ಕಥೆ ವಿಚಿತ್ರವಾಗಿ ಕೇಳಿಸುವುದು ಸಹಜವೇ. ಆದರೆ ನಿರ್ವಹಣಾ ಪುಸ್ತಕ ಬರೆಯುವ, ಸಭೆ ಕೂಡುವ, ವಂತಿಗೆ ಎತ್ತುವ ರೂಢಿಯನ್ನು ನಮ್ಮ ಹೆಂಗಸರು ಕಲಿತುದು ಇಂಥ ಹಳೆಯ ಮಂಡಳಗಳಲ್ಲಿಯೇ.

ಸ್ವಾತಂತ್ರ್ಯಾನಂತರ ಉಮಾಬಾಯಿಯವರು ಪದವಿಗಳನ್ನು ಬಯಸಲಿಲ್ಲ, ಸನ್ಮಾನಗಳನ್ನು ಸ್ವೀಕರಿಸಲಿಲ್ಲ. 1992ರಲ್ಲಿ ತೀರಿಕೊಳ್ಳುವಾಗ ಅವರಿಗೆ ನೂರರ ಆಸುಪಾಸು. ಹುಬ್ಬಳ್ಳಿಯಲ್ಲಿ ಅವರು ವಾಸವಾಗಿದ್ದ ಚಿಕ್ಕ ಮನೆಯ ಹೆಸರು ‘ಆನಂದ ಸ್ಮೃತಿ’.