ವಿಷ ಬಿದ್ದರೆ ಪಿಂಗಾಣಿ ಟೀಪಾಟ್ ಬಣ್ಣ ಬದಲಿಸುತ್ತದೆಯೇ?

ಹೇಳಿಕೆ: ಹಳೆಯ ಚೀನಾ ಪಿಂಗಾಣಿಗೆ ವಿಷ ಸೋಕಿದರೆ ಬಣ್ಣ ಬದಲಾಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಹಾಗಾಗಿ ಅದರಲ್ಲಿ ಟೀ ಕುಡಿದರೆ ಭಯವಿಲ್ಲ.

ವಾಸ್ತವ: ಸುಳ್ಳು. ಕೆಲವು ಅಲಂಕಾರಿಕ ಪಾಟ್‌ಗಳ ಬಣ್ಣದಲ್ಲೇ ಸೀಸ ಎಂಬ ವಿಷ ಇರಬಹುದು.

ನಂಬಿಕೆ ಬಂದದ್ದೆಲ್ಲಿಂದ?

ಸೆಲಡಾನ್ ಎಂಬ ಹಸಿರು ಪಿಂಗಾಣಿ ವಿಷವನ್ನು ಪತ್ತೆ ಮಾಡುತ್ತದೆ ಎಂದು ಹಿಂದಿನ ದರ್ಬಾರುಗಳಲ್ಲಿ ನಂಬಿದ್ದರು. ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಹಳೆಯ ಚೀನೀ ಪಿಂಗಾಣಿ ನೋಡಬಹುದು. ಆದರೆ ಪಿಂಗಾಣಿ ಎಂದರೆ ಬಿಳಿ ಜೇಡಿಯನ್ನು ಸುಮಾರು 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟ ಗಟ್ಟಿ ವಸ್ತು. ವಿಷವನ್ನು ಗುರುತಿಸುವ ಶಕ್ತಿ ಅದಕ್ಕಿಲ್ಲ.

ಚೀನಾದ್ದೋ, ಯುರೋಪಿನದ್ದೋ?

ನೋಡಿ ಹೇಳುವುದು ಕಷ್ಟ. ಚೀನಾದ ಕುಶಲಕರ್ಮಿಗಳು ಯುರೋಪಿನ ಬೆಳ್ಳಿ ಪಾತ್ರೆಗಳ ಆಕಾರ ನೋಡಿ ಟೀಪಾಟ್ ಮಾಡಿದರು. 1710ರಲ್ಲಿ ಶುರುವಾದ ಜರ್ಮನಿಯ ಮೈಸೆನ್ ಕಾರ್ಖಾನೆ ಚೀನೀ ಚಿತ್ತಾರಗಳನ್ನು ಅನುಕರಿಸಿತು. ಸೇತುವೆ, ಮರ, ಎರಡು ಹಕ್ಕಿಗಳಿರುವ ನೀಲಿ 'ವಿಲೋ' ಚಿತ್ರ ಹುಟ್ಟಿದ್ದು 18ನೇ ಶತಮಾನದ ಇಂಗ್ಲೆಂಡಿನಲ್ಲಿ. ಅದರ ಹಿಂದಿನ 'ಚೀನೀ ಪ್ರೇಮಕಥೆ'ಯೂ ಇಂಗ್ಲಿಷರೇ ಕಟ್ಟಿದ್ದು!

ಅಪಾಯ ಎಲ್ಲಿದೆ?

ಬಣ್ಣ ಎಲ್ಲಿ ಕೂತಿದೆ ಎಂಬುದು ಮುಖ್ಯ. ವಿಲೋದಂಥ ನೀಲಿ ಚಿತ್ರ ಸಾಮಾನ್ಯವಾಗಿ ಗಾಜಿನಂಥ ಮೆರುಗಿನ ಅಡಿಯಲ್ಲಿರುತ್ತದೆ. ಕೆಂಪು, ಹಳದಿ, ಗುಲಾಬಿ ಹೂಗಳನ್ನು ಹೆಚ್ಚಾಗಿ ಮೆರುಗಿನ ಮೇಲೆ ಬರೆದು, ಕಡಿಮೆ ಶಾಖದಲ್ಲಿ ಮತ್ತೆ ಸುಡುತ್ತಾರೆ. ಈ ಬಣ್ಣಗಳು ಬೇಗ ಕರಗಲೆಂದು ಸೀಸ ಬೆರೆಸುವ ರೂಢಿಯಿತ್ತು. ಕೆಲವು ಹಳೆಯ ಪಾತ್ರೆಗಳ ಮೆರುಗಿನಲ್ಲೇ ಸೀಸವಿರುತ್ತದೆ. ನಿಂಬೆ ಟೀಯಂಥ ಹುಳಿ ಪಾನೀಯ ಬಿಸಿಯಾಗಿ ಹೆಚ್ಚು ಹೊತ್ತು ನಿಂತರೆ ಸೀಸ ಅದಕ್ಕೆ ಇಳಿಯಬಹುದು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಮಕ್ಕಳ ಮಿದುಳಿಗೆ ಅದು ಹಾನಿಕರ. ಇಷ್ಟು ಸೀಸ ಸುರಕ್ಷಿತ ಎಂಬ ಮಿತಿಯೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಏನು ಮಾಡಬೇಕು?

ಎಚ್.ಡಿ. ಕೋಟೆಯಲ್ಲಿರಲಿ, ಹುಣಸೂರಿನಲ್ಲಿರಲಿ, ನಿಮ್ಮ ಮನೆಯ ಶೋಕೇಸಿನಲ್ಲಿ ಇಂಥ ಹಳೆಯ ಟೀಪಾಟ್ ಇದ್ದರೆ ಅಲ್ಲೇ ಇರಲಿ, ನೋಡಿ ಖುಷಿಪಡಿ.

- ಒಳಗೆ ಬಣ್ಣ ಬಳಿದಿದ್ದರೆ, ಮೆರುಗು ಸವೆದಿದ್ದರೆ, ಬಿರುಕು ಬಿಟ್ಟಿದ್ದರೆ ಟೀ ಹಾಕಬೇಡಿ.
- ತೊಳೆದರೆ, ಕುದಿಸಿದರೆ ಸೀಸ ಹೋಗುವುದಿಲ್ಲ.
- ಸೀಸ ಇದೆಯೋ ಇಲ್ಲವೋ ಎಂದು ಖಚಿತವಾಗಿ ಹೇಳುವುದು ಪ್ರಯೋಗಾಲಯದ ಪರೀಕ್ಷೆ ಮಾತ್ರ.
- ದಿನನಿತ್ಯದ ಟೀಗೆ ಸ್ಟೀಲ್ ಪಾತ್ರೆ ಸಾಕು.

ನಮ್ಮ ತೀರ್ಮಾನ: ಪಿಂಗಾಣಿ ವಿಷ ಪತ್ತೆ ಮಾಡುತ್ತದೆ ಎಂಬುದು ಸುಳ್ಳು. ಆ ಫಾರ್ವರ್ಡ್ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಈ ಲೇಖನ ಕಳಿಸಿ.